ಹಸುಗೂಸಿನ ಹೈಡ್ರೋಸಿಲ್ ಹೊಟ್ಟೆಗೂ ಏರಿದ್ದರೆ: ಕಾಯುವುದೋ, ಆಪರೇಷನ್ನೋ, ಯಾವ ಊರಲ್ಲೋ?

ಗಂಡುಮಗುವಿನ ಬೀಜದ ಚೀಲ ಊದಿದ್ದು ನಮ್ಮ ಕಡೆ ಮೊದಲು ಕಣ್ಣಿಗೆ ಬೀಳುವುದು ಎಣ್ಣೆ ಹಚ್ಚಿ ಮೀಯಿಸುವವರಿಗೆ. ಅಜ್ಜಿಯೋ, ಬಾಣಂತಿ ಆರೈಕೆಗೆ ಬಂದ ಹೆಂಗಸೋ ತಾಯಿಗೆ ಹೇಳುತ್ತಾರೆ. ತಾಯಿ ಚುಚ್ಚುಮದ್ದಿಗೆ ಹೋದ ದಿನ ಡಾಕ್ಟರಿಗೆ ತೋರಿಸುತ್ತಾಳೆ. "ನೀರು ತುಂಬಿದ್ದು, ಹೈಡ್ರೋಸಿಲ್ ಅಂತ, ವರ್ಷ ಆಗುವಾಗ ತಾನೇ ಇಳಿಯುತ್ತದೆ" ಎಂಬ ಉತ್ತರ ಸಿಗುತ್ತದೆ. ಹೆಚ್ಚಿನ ಮಕ್ಕಳ ಮಟ್ಟಿಗೆ ಆ ಉತ್ತರ ಸರಿಯೇ. ಈ ಬರಹ ಅಷ್ಟು ಉತ್ತರ ಸಾಲದ ಕೆಲವೇ ಮಕ್ಕಳಿಗಾಗಿ. ಅವರಲ್ಲಿ ನೀರಿನ ಚೀಲ ಕೆಳಗೇ ನಿಲ್ಲದೆ ತೊಡೆಸಂದಿನ ದಾರಿಯಾಗಿ ಕಿಬ್ಬೊಟ್ಟೆಯೊಳಗೂ ಏರಿ ಕುಳಿತಿರುತ್ತದೆ. ಸ್ಕ್ಯಾನ್ ವರದಿಯಲ್ಲಿ ಇದನ್ನು ಅಬ್ಡಾಮಿನೋ-ಸ್ಕ್ರೋಟಲ್ ಹೈಡ್ರೋಸಿಲ್ ಎಂದು ಬರೆಯುತ್ತಾರೆ. ಮಕ್ಕಳಲ್ಲಿ ಕಾಣುವ ಹೈಡ್ರೋಸಿಲ್‌ಗಳಲ್ಲಿ ಇದು ನೂರಕ್ಕೆ ಒಂದರ ಆಸುಪಾಸು ಎಂದು ವೈದ್ಯಕೀಯ ಬರಹಗಳು ಲೆಕ್ಕ ಕೊಡುತ್ತವೆ. ಫ್ರಾನ್ಸಿನ ಸರ್ಜನ್ ಡುಪ್ಯುತ್ರಾಂ 1834ರಲ್ಲೇ ಇದನ್ನು ವಿವರಿಸಿದ್ದರು. ಆದರೂ ಇದು ಎಷ್ಟು ಅಪರೂಪವೆಂದರೆ, ಒಳ್ಳೆಯ ಅನುಭವವಿರುವ ವೈದ್ಯರು ಕೂಡ ಒಂದನ್ನೂ ನೋಡದೆ ಇರಬಹುದು.

ಮಂಗಳೂರಿನ ಮಕ್ಕಳ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದಾಗಲೂ, ಕೆಲಸ ಬಿಟ್ಟು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಗೆ ಮರಳಿದ ಮೇಲೂ ಕೇರಳ-ಕರ್ನಾಟಕ ಗಡಿಯ ಈಚೆಯ ತಾಯಂದಿರು ನನ್ನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ. "ಅಕ್ಕಾ, ಈಗಲೇ ಮಾಡಿಸ್ಬೇಕಾ, ಕಾಯ್ಬಹುದಾ? ಇಲ್ಲೇ ಆಗ್ತದಾ, ಮಂಗಳೂರಿಗೇ ಹೋಗ್ಬೇಕಾ?" ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಮಗುವಿನಲ್ಲೂ ಕಾಯಬಹುದು, ಆದರೆ ಗೊತ್ತುಮಾಡಿದ ದಿನಕ್ಕೆ ಸ್ಕ್ಯಾನ್ ಮಾಡಿಸುತ್ತಾ ಕಾಯಬೇಕು. ಸ್ಕ್ಯಾನ್ ಇಲ್ಲದೆ ಕಾಯುವುದೆಂದರೆ ಮಗುವಿನ ಕಿಡ್ನಿಯನ್ನೂ ಬೀಜವನ್ನೂ ಯಾರೂ ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಆಪರೇಷನ್ ಮಾಡಿಸುವುದೇ ಆದರೆ ಆಸ್ಪತ್ರೆ ಎಷ್ಟು ಹತ್ತಿರ ಎಂಬುದಕ್ಕಿಂತ ಕತ್ತರಿ ಹಿಡಿಯುವವರು ಮಕ್ಕಳ ಸರ್ಜನ್ ಹೌದೋ ಅಲ್ಲವೋ ಎಂಬುದು ದೊಡ್ಡದು.

ಮೊದಲು, ಇದು ಯಾವ ಊತ?

ಬೀಜಗಳು ಹುಟ್ಟುವುದು ಭ್ರೂಣದ ಹೊಟ್ಟೆಯೊಳಗೆ, ಕಿಡ್ನಿಯ ಹತ್ತಿರ. ಗರ್ಭದಲ್ಲಿರುವಾಗಲೇ ಅವು ಮೆಲ್ಲನೆ ಇಳಿದು ತೊಡೆಸಂದನ್ನು ದಾಟಿ ಚೀಲಕ್ಕೆ ಸೇರುತ್ತವೆ. ಅವುಗಳ ಜತೆಗೆ ಹೊಟ್ಟೆಯ ಒಳಪೊರೆಯ ಒಂದು ಕಿರುನಾಳವೂ ಇಳಿದು ಬರುತ್ತದೆ. ಜನನದ ಹೊತ್ತಿಗೋ ಆಮೇಲೋ ಆ ನಾಳ ಮುಚ್ಚಿಹೋಗಬೇಕು. ಸೂಜಿಯಷ್ಟು ಸಣ್ಣ ದಾರಿ ತೆರೆದು ಉಳಿದರೆ ಹೊಟ್ಟೆಯ ನೀರು ಇಳಿಯುತ್ತದೆ, ಅದು ಸಾಮಾನ್ಯ ಹೈಡ್ರೋಸಿಲ್. ದಾರಿ ಅಗಲವಾಗಿದ್ದು ಕರುಳು ಇಳಿದರೆ ಅದು ಹರ್ನಿಯಾ. ನಡುವೆ ಒಂದು ತುಂಡು ನಾಳದಲ್ಲಿ ಮಾತ್ರ ನೀರು ಸಿಕ್ಕಿಕೊಂಡರೆ ಬೀಜದ ಮೇಲುಗಡೆ ಗೋಲಿಯಂಥ ಗಂಟು ಕಾಣುತ್ತದೆ.

ನಮ್ಮ ಅಪರೂಪದ ಬಗೆಯಲ್ಲಿ ನಡೆಯುವುದು ಬೇರೆ. ಹೆಚ್ಚಿನ ಮಕ್ಕಳಲ್ಲಿ ಹೊಟ್ಟೆಯ ಒಳಪೊರೆಗೆ ದಾರಿ ತೆರೆದಿರುವುದಿಲ್ಲ. ಬೀಜದ ಸುತ್ತಲಿನ ಚೀಲದಲ್ಲೇ ನೀರು ಬಿಗಿಯಾಗಿ ತುಂಬಿ, ಒತ್ತಡ ತಾಳದೆ ಮೇಲಕ್ಕೆ ಏರಿ, ತೊಡೆಸಂದಿನ ಇಕ್ಕಟ್ಟನ್ನು ದಾಟಿ ಒಳಗೆ ಮತ್ತೆ ಅಗಲವಾಗುತ್ತದೆ. ಹಾಗಾಗಿ ಇದರ ಆಕಾರ ಡಮರುವಿನದು: ಕೆಳಗೆ ಒಂದು ಗುಂಡು, ಮೇಲೆ ಒಂದು ಗುಂಡು, ನಡುವೆ ಸಪೂರ ಸೊಂಟ. ಮೇಲಿನ ಗುಂಡು ಹೊಟ್ಟೆಯ ಒಳಪೊರೆಯ ಹೊರಗಡೆಯೇ ಇರುತ್ತದೆ. ಇದು ಆಪರೇಷನ್ನಿನ ದಾರಿ ಆರಿಸುವಾಗ ನೆನಪಿಡಬೇಕಾದ ಸಂಗತಿ.

ತಾಯಿ ಮನೆಯಲ್ಲೇ ಗಮನಿಸಬಹುದಾದ ವ್ಯತ್ಯಾಸಗಳಿವೆ. ದಾರಿ ತೆರೆದಿರುವ ಸಾಮಾನ್ಯ ಹೈಡ್ರೋಸಿಲ್ ಬೆಳಿಗ್ಗೆ ಸಣ್ಣದಾಗಿ ಸಂಜೆಗೆ ದೊಡ್ಡದಾಗುವುದುಂಟು, ಶೀತ-ಕೆಮ್ಮಿನ ದಿನಗಳಲ್ಲಿ ಇನ್ನೂ ಊದುವುದುಂಟು. ಹರ್ನಿಯಾ ಅತ್ತಾಗ, ಮುಕ್ಕರಿದಾಗ ಉಬ್ಬಿ ಮಲಗಿಸಿದಾಗ ಒಳಗೆ ಹೋಗುತ್ತದೆ. ಡಮರು ಆಕಾರದ್ದು ದಿನದ ಯಾವ ಹೊತ್ತಿಗೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ, ಮುಟ್ಟಿದರೆ ಬಿಗಿ. ಚೀಲದ ಊತ ತೊಡೆಸಂದಿನಲ್ಲಿ ಮುಗಿಯದೆ ಮೇಲಕ್ಕೂ ಮುಂದುವರಿದ ಹಾಗೆ ಕಂಡರೆ, ಕಿಬ್ಬೊಟ್ಟೆಯ ಆ ಬದಿ ತುಂಬಿಕೊಂಡ ಹಾಗೆ ಕಂಡರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮಗು ಅಳುತ್ತಿರುವಾಗ ಹೊಟ್ಟೆ ಬಿಗಿಯಾಗಿರುವುದರಿಂದ ಅವಸರದ ಓಪಿಯಲ್ಲಿ ಇದು ಕೈಗೆ ಸಿಗದೆ ಹೋಗುವುದು ಸುಲಭ. ಹಾಲು ಕುಡಿದು ಮಲಗಿದಾಗ ನೋಡಿಸಿದರೆ ಒಳ್ಳೆಯದು.

ಡಾಕ್ಟರ್ ಮಾಡುವ ಪರೀಕ್ಷೆ ಸರಳ. ಒಂದು ಕೈ ಕಿಬ್ಬೊಟ್ಟೆಯ ಮೇಲೆ, ಇನ್ನೊಂದು ಕೈ ಬೀಜದ ಚೀಲದ ಮೇಲೆ. ಕೆಳಗೆ ಮೆಲ್ಲನೆ ಒತ್ತಿದಾಗ ಮೇಲಿನ ಗುಂಡು ಉಬ್ಬಿ ಕೈಗೆ ತಾಗುತ್ತದೆ, ಬಿಟ್ಟಾಗ ನೀರು ಕೆಳಗೆ ಪುಟಿದು ಬರುತ್ತದೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ. ಮೀಯಿಸುವಾಗ ಒತ್ತಿ ಒತ್ತಿ ನೀರು ಇಳಿಸಲು ನೋಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಅದರಿಂದ ಯಾವ ಬಗೆಯ ಹೈಡ್ರೋಸಿಲ್ಲೂ ಹೋಗುವುದಿಲ್ಲ. ಒಳಗಿರುವುದು ಕರುಳಾಗಿದ್ದರೆ ಅಪಾಯವೂ ಇದೆ.

ಟಾರ್ಚ್ ಬೆಳಕು ಹಿಡಿದು ನೋಡುವ ಪರೀಕ್ಷೆಯ ಮೇಲೆ ಪೂರ್ತಿ ಭಾರ ಹಾಕಬಾರದು. ನೀರಿದ್ದರೆ ಚೀಲ ಕೆಂಪಗೆ ಹೊಳೆಯುತ್ತದೆ, ನಿಜ. ಆದರೆ ಹಸುಗೂಸಿನ ಕರುಳಿನ ಗೋಡೆ ಎಷ್ಟು ತೆಳುವೆಂದರೆ ಹರ್ನಿಯಾದಲ್ಲೂ ಬೆಳಕು ದಾಟಬಹುದು.

ಊತ ಇದ್ದಕ್ಕಿದ್ದಂತೆ ಗಟ್ಟಿಯಾದರೆ, ಚರ್ಮ ಕೆಂಪಾದರೆ, ಮಗು ಸಮಾಧಾನವಾಗದೆ ಅಳುತ್ತಾ ವಾಂತಿ ಮಾಡತೊಡಗಿದರೆ ಹೋಲಿಕೆ, ಆಯ್ಕೆ ಯಾವುದೂ ಬೇಡ. ರಾತ್ರಿಯಾದರೂ ಹೊರಡಿ. ಅದು ಸಿಕ್ಕಿಬಿದ್ದ ಹರ್ನಿಯಾ ಆಗಿರಬಹುದು ಅಥವಾ ಬೀಜ ತಿರುಚಿಕೊಂಡಿರಬಹುದು. ಎರಡರಲ್ಲೂ ಗಂಟೆಗಳ ಲೆಕ್ಕ.

ಕಾರಣದ ಬಗ್ಗೆ ಎರಡು ಪ್ರಶ್ನೆಗಳು ಇಲ್ಲಿ ಪದೇ ಪದೇ ಬರುತ್ತವೆ. ಕರಾವಳಿಯ ಹಿರಿಯರಿಗೆ ಬೀಜದ ಊತ ಎಂದರೆ ಆನೆಕಾಲು ರೋಗದ ನೆನಪು. ದೊಡ್ಡವರಲ್ಲಿ ಫೈಲೇರಿಯಾ ಹುಳದಿಂದ ಹೈಡ್ರೋಸಿಲ್ ಬರುವುದು ಹೌದು, ಆದರೆ ಅದಕ್ಕೆ ವರ್ಷಗಟ್ಟಲೆ ಸೊಳ್ಳೆ ಕಡಿತ ಬೇಕು. ಕೆಲವೇ ತಿಂಗಳ ಮಗುವಿಗೂ ಅದಕ್ಕೂ ಸಂಬಂಧವಿಲ್ಲ. ಎಣ್ಮಕಜೆಯ ಕಡೆಯವರ ಪ್ರಶ್ನೆ ಇನ್ನೊಂದು: ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ನಿಂದ ಬಂದದ್ದೇ? ಈ ಪ್ರಶ್ನೆಯನ್ನು ಯಾರೂ ತಳ್ಳಿಹಾಕಬಾರದು. ನಮ್ಮ ಜಿಲ್ಲೆಯ ಗೇರುತೋಟದ ತಪ್ಪಲಿನ ಊರಿನ ಬಾಲಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹುಟ್ಟಿನಿಂದ ಬಂದ ಹೈಡ್ರೋಸಿಲ್, ಇಳಿಯದ ಬೀಜ, ಹರ್ನಿಯಾ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಆ ಊರಿನ ಮಕ್ಕಳಲ್ಲಿ ಶೇ. 5.1, ಹೋಲಿಕೆಗೆ ತೆಗೆದುಕೊಂಡ ಊರಿನಲ್ಲಿ ಶೇ. 1.1 ಸಿಕ್ಕಿತು. ಆದರೆ ಆ ಅಂತರ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವಷ್ಟು ಬಲವಾಗಿರಲಿಲ್ಲ ಎಂದು ಅಧ್ಯಯನವೇ ಬರೆದುಕೊಂಡಿದೆ. ಡಮರು ಆಕಾರದ ಈ ಬಗೆಯನ್ನು ಅದು ಬೇರೆಯಾಗಿ ಎಣಿಸಿದ್ದಲ್ಲ. ನಿಮ್ಮ ಮಗುವಿನ ಚಿಕಿತ್ಸೆ ಕಾರಣದ ಉತ್ತರಕ್ಕಾಗಿ ನಿಲ್ಲಬೇಕಾಗಿಲ್ಲ. ಎರಡೂ ಸಂದರ್ಭದಲ್ಲಿ ಮಾಡಬೇಕಾದ್ದು ಒಂದೇ. ತಾಯಿ ಬಸುರಿಯಲ್ಲಿ ಏನು ತಿಂದಳು, ಏನು ಎತ್ತಿದಳು ಎಂಬ ವಿಚಾರಣೆಯಂತೂ ಯಾವ ಮನೆಯಲ್ಲೂ ಬೇಡ.

ಯಾವ ಸ್ಕ್ಯಾನ್?

ಅಲ್ಟ್ರಾಸೌಂಡ್ ಸಾಕು. ಹೆಚ್ಚಿನ ಮಕ್ಕಳಲ್ಲಿ ಅದರ ಆಚೆಗೆ ಹೋಗಬೇಕಾಗುವುದಿಲ್ಲ. ಸಿ.ಟಿ. ಸ್ಕ್ಯಾನ್ ಎಂದರೆ ಹಸುಗೂಸಿಗೆ ವಿಕಿರಣ. ಎಂ.ಆರ್.ಐ.ಗೆ ವಿಕಿರಣವಿಲ್ಲ, ಆದರೆ ಮಗು ಅಲುಗಾಡದೆ ಮಲಗಬೇಕಾದ್ದರಿಂದ ನಿದ್ದೆಯ ಮದ್ದು ಬೇಕಾಗುತ್ತದೆ. ಹೊಟ್ಟೆಯ ಗಂಟು ಎಲ್ಲಿಂದ ಹೊರಟಿದ್ದು ಎಂಬುದು ಅಲ್ಟ್ರಾಸೌಂಡ್‌ನಲ್ಲಿ ಸ್ಪಷ್ಟವಾಗದಿದ್ದಾಗ, ಬೇರೆ ಬಗೆಯ ನೀರುಗಂಟಿನ ಸಂಶಯವಿದ್ದಾಗ ಎಂ.ಆರ್.ಐ. ಕೇಳಿದರೆ ಅದಕ್ಕೆ ಅರ್ಥವಿದೆ. "ಎಲ್ಲವೂ ಒಮ್ಮೆ ಆಗಿಹೋಗಲಿ" ಎಂದು ಮನೆಯವರೇ ಒತ್ತಾಯಿಸುವುದನ್ನು ಕಂಡಿದ್ದೇನೆ. ಅದು ಬೇಡ.

ಅಲ್ಟ್ರಾಸೌಂಡ್‌ನಲ್ಲೇ ಒಂದು ಎಚ್ಚರ ಬೇಕು, ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ. ಚೀಟಿಯಲ್ಲಿ "ಸ್ಕ್ರೋಟಮ್" ಎಂದಷ್ಟೇ ಬರೆದಿದ್ದರೆ ಸ್ಕ್ಯಾನ್ ಮಾಡುವವರು ಚೀಲವನ್ನಷ್ಟೇ ನೋಡಿ "ಹೈಡ್ರೋಸಿಲ್" ಎಂದು ಬರೆದು ಮುಗಿಸಬಹುದು. ಮೇಲಿನ ಗುಂಡು ನೋಡದೆಯೇ ಉಳಿಯುತ್ತದೆ. ಊತ ತೊಡೆಸಂದಿನಿಂದ ಮೇಲೂ ಇದೆ ಎಂಬ ಸಂಶಯವಿದ್ದರೆ ಚೀಲ, ತೊಡೆಸಂದು, ಇಡೀ ಹೊಟ್ಟೆ ಮೂರನ್ನೂ ಒಂದೇ ಸಲ ನೋಡುವಂತೆ ಬರೆಸಿಕೊಳ್ಳಿ. ತುಂಬಿದ ಮೂತ್ರಕೋಶವೂ ಕಿಬ್ಬೊಟ್ಟೆಯಲ್ಲಿ ನೀರುಗಂಟಿನ ಹಾಗೇ ಕಾಣುವುದರಿಂದ ಮಗು ಮೂತ್ರ ಮಾಡಿದ ಮೇಲೆ ಇನ್ನೊಮ್ಮೆ ನೋಡಿದರೆ ಗೊಂದಲ ಇರುವುದಿಲ್ಲ.

ವರದಿ ಕೈಗೆ ಬಂದಾಗ ಇವು ಬರೆದಿವೆಯೇ ನೋಡಿ: ಮೇಲಿನ ಗುಂಡಿನ ಅಳತೆ ಮತ್ತು ಕೆಳಗಿನದ್ದರ ಅಳತೆ, ಎರಡೂ ಬೀಜಗಳ ಗಾತ್ರ ಮತ್ತು ಆಕಾರ, ಆ ಬದಿಯ ಕಿಡ್ನಿ ಊದಿದೆಯೇ, ಇನ್ನೊಂದು ಬದಿಯಲ್ಲೂ ಹೈಡ್ರೋಸಿಲ್ ಇದೆಯೇ. ಎರಡೂ ಕಡೆ ಇರುವುದು ಇಂಥ ಮಕ್ಕಳಲ್ಲಿ ಸಾಮಾನ್ಯ. ಅಳತೆ ಬರೆಯದ ವರದಿ ಇಂದಿಗೆ ಸಾಕಾದರೂ ಮೂರು ತಿಂಗಳ ಬಳಿಕ ಹೋಲಿಸಿ ನೋಡಲು ಪ್ರಯೋಜನಕ್ಕೆ ಬಾರದು. ಬೀಜದಲ್ಲಿ ಗಟ್ಟಿ ಗಂಟು ಇದೆ ಎಂದೋ, ಬೀಜವೇ ಸರಿಯಾಗಿ ಕಾಣಲಿಲ್ಲ ಎಂದೋ ವರದಿ ಹೇಳಿದರೆ ಕಾಯುವ ಮಾತು ಬಿಟ್ಟು ನೇರ ಮಕ್ಕಳ ಸರ್ಜನ್ ಹತ್ತಿರ ಹೋಗಬೇಕು. ಗಡ್ಡೆಯ ಸುತ್ತಲೂ ನೀರು ತುಂಬುವುದುಂಟು.

ಕಾಯುವುದೋ, ಈಗಲೇ ಆಪರೇಷನ್ನೋ

ಸಾಮಾನ್ಯ ಹೈಡ್ರೋಸಿಲ್ ಆದರೆ ಉತ್ತರ ಸುಲಭ. ಒಂದೂವರೆ-ಎರಡು ವರ್ಷದವರೆಗೆ ಕಾಯುತ್ತಾರೆ, ಹೆಚ್ಚಿನವು ಅದರೊಳಗೆ ಹೋಗುತ್ತವೆ. ಹರ್ನಿಯಾ ಆದರೆ ಉತ್ತರ ತಿರುಗಾಮುರುಗಾ: ಮಗು ಸಣ್ಣದಿದ್ದಷ್ಟೂ ಕರುಳು ಸಿಕ್ಕಿಬೀಳುವ ಭಯ ಹೆಚ್ಚು, ಹಾಗಾಗಿ ಬೇಗ ಮಾಡಿಸುತ್ತಾರೆ. ಹೊಟ್ಟೆಗೆ ಏರಿದ ಹೈಡ್ರೋಸಿಲ್ ಈ ಎರಡರ ನಡುವಿನದು, ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಹಿಂದೆ ಕಂಡ ಕೂಡಲೇ ಕೊಯ್ಯುವುದೇ ನಿಯಮ ಎಂಬಂತಿತ್ತು. ಆಮೇಲೆ ಮೊದಲ ವರ್ಷದೊಳಗೆ ಹೊಟ್ಟೆಯ ಗುಂಡು ತಾನಾಗಿ ಕುಗ್ಗಿ ಮಾಯವಾದ ಮಕ್ಕಳ ವರದಿಗಳು ಬೇರೆ ಬೇರೆ ಕಡೆಗಳಿಂದ ಬಂದವು. ಈಗ ಒಬ್ಬ ಸರ್ಜನ್ "ಕಾಯೋಣ" ಎಂದು, ಇನ್ನೊಬ್ಬರು "ಮಾಡಿಬಿಡೋಣ" ಎಂದರೆ ಅವರಲ್ಲಿ ಒಬ್ಬರಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಇಬ್ಬರ ಮಾತಿಗೂ ಆಧಾರವಿದೆ. ನಿಮ್ಮ ಮಗುವಿನ ಸ್ಥಿತಿ ಯಾರ ಮಾತಿನ ಕಡೆ ವಾಲುತ್ತದೆ ಎಂದು ನೋಡಬೇಕು.

ಅದನ್ನು ತೀರ್ಮಾನಿಸುವುದು ಮೂರು ಅಂಗಗಳು. ಒಂದು, ಕಿಡ್ನಿ. ಹೊಟ್ಟೆಯ ಗುಂಡು ದೊಡ್ಡದಾಗಿ ಕಿಡ್ನಿಯಿಂದ ಮೂತ್ರ ಇಳಿಯುವ ನಳಿಗೆಯನ್ನು ಒತ್ತಿದರೆ ಕಿಡ್ನಿ ಊದುತ್ತದೆ. ಎರಡು, ಕಾಲು. ತೊಡೆಯ ರಕ್ತನಾಳವನ್ನೂ ಕಾಲಿನ ನೀರನ್ನು ಮೇಲಕ್ಕೆ ಸಾಗಿಸುವ ದುಗ್ಧನಾಳಗಳನ್ನೂ ಒತ್ತಿದಾಗ ಆ ಬದಿಯ ಕಾಲಿನಲ್ಲಿ ನೀರು ಸೇರುತ್ತದೆ. ಎರಡು ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಸಾಕ್ಸಿನ ಗುರುತು ಒಂದರಲ್ಲಿ ಆಳವಾಗಿ ಬಿದ್ದರೆ ತಾಯಿಗೇ ಗೊತ್ತಾಗುತ್ತದೆ. ಮೂರು, ಬೀಜ. ಇದು ಹೊರಗೆ ಕಾಣದ್ದು, ಹಾಗಾಗಿ ನನಗೆ ಇದರ ಬಗ್ಗೆಯೇ ಹೆಚ್ಚು ಕಾಳಜಿ. ಸದಾ ಬಿಗಿಯಾದ ನೀರಿನ ಒತ್ತಡದಲ್ಲಿ ಬೀಜ ದುಂಡಗೆ ಉಳಿಯದೆ ಉದ್ದಕ್ಕೆ ಚಪ್ಪಟೆಯಾಗುತ್ತದೆ. ಒತ್ತಡ ಇಳಿದ ಮೇಲೆ ಹಲವು ಮಕ್ಕಳಲ್ಲಿ ಆಕಾರ ಮರಳಿದ್ದನ್ನು ಸ್ಕ್ಯಾನ್‌ಗಳಲ್ಲಿ ಕಂಡಿದ್ದಾರೆ.

ಮಗುವಿಗೆ ಇನ್ನೂ ವರ್ಷ ತುಂಬಿಲ್ಲ, ಚೀಲ ಕೈಗೆ ಮೆತ್ತಗಿದೆ, ಕಿಡ್ನಿ ಚೆನ್ನಾಗಿದೆ, ಕಾಲು ಊದಿಲ್ಲ, ಎರಡೂ ಬೀಜ ದುಂಡಗಿವೆ, ಎರಡನೇ ಸ್ಕ್ಯಾನ್‌ನಲ್ಲಿ ಅಳತೆ ಹೆಚ್ಚಿಲ್ಲ ಎಂದಾದರೆ ನಾನು ಕಾಯುವವರ ಪರ. ಎರಡು-ಮೂರು ತಿಂಗಳಿಗೊಮ್ಮೆ, ಅಥವಾ ಸರ್ಜನ್ ಹೇಳಿದ ಅಂತರಕ್ಕೆ, ಸಾಧ್ಯವಾದರೆ ಅದೇ ಜಾಗದಲ್ಲಿ ಸ್ಕ್ಯಾನ್. ಮೇಲಿನ ಗುಂಡು ಕುಗ್ಗತೊಡಗಿದರೆ ಇನ್ನೂ ಕಾಯಬಹುದು. ಮೇಲಿನದು ಹೋಗಿ ಕೆಳಗಿನದು ಮಾತ್ರ ಉಳಿದರೆ ಅದು ಸಾಮಾನ್ಯ ಹೈಡ್ರೋಸಿಲ್ಲಿನ ಲೆಕ್ಕಕ್ಕೆ ಬರುತ್ತದೆ.

ಕಿಡ್ನಿ ಊದಿದ್ದರೆ, ಕಾಲು ಊದಿದ್ದರೆ, ಚೀಲ ಕಲ್ಲಿನ ಹಾಗೆ ಬಿಗಿಯಾಗಿದ್ದು ಬೀಜ ಉದ್ದವಾಗುತ್ತಿದ್ದರೆ, ಅಳತೆ ಸ್ಕ್ಯಾನಿನಿಂದ ಸ್ಕ್ಯಾನಿಗೆ ಹೆಚ್ಚುತ್ತಿದ್ದರೆ, ಜತೆಗೆ ಹರ್ನಿಯಾ ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಬೀಜ ಇಳಿಯದೆ ಮೇಲೆಯೇ ನಿಂತಿದ್ದರೆ ಅದಕ್ಕೆ ಹೇಗೂ ಆರು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ಆಪರೇಷನ್ ಬೇಕು. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸುವುದು ಮಗುವಿಗೆ ಒಳಿತು. ಇವು ಯಾವುವೂ ಇಲ್ಲದೆ ಮೊದಲ ಹುಟ್ಟುಹಬ್ಬ ಕಳೆದರೂ ಗುಂಡು ಹಾಗೇ ಇದ್ದರೆ, ಆಗ ದಿನ ಗೊತ್ತುಮಾಡಿಕೊಳ್ಳುವುದೇ ಸರಿ ಎಂದು ನನಗನಿಸುತ್ತದೆ.

ಸೂಜಿ ಹಾಕಿ ನೀರು ತೆಗೆಸುವ ಮೂರನೆಯ ದಾರಿಯ ಬಗ್ಗೆ ಮನೆಗಳಲ್ಲಿ ಆಸೆ ಹೆಚ್ಚು, ಕೊಯ್ಯುವುದು ತಪ್ಪುತ್ತದಲ್ಲ ಎಂದು. ನೀರು ಮತ್ತೆ ತುಂಬುತ್ತದೆ. ಸೋಂಕು ತಗಲಬಹುದು, ಕರುಳೋ ಬೀಜವೋ ಸೂಜಿಗೆ ಸಿಗಬಹುದು. ಆಯ್ಕೆಯ ಪಟ್ಟಿಯಿಂದ ಇದನ್ನು ತೆಗೆದುಬಿಡಿ. ಲೇಪ, ಪಟ್ಟಿ ಕಟ್ಟುವುದು, ಬಿಸಿ ಕಾವು ಕೊಡುವುದು ಕೂಡ ಅಷ್ಟೇ.

ಕೊಯ್ಯುವ ದಾರಿಗಳು

ಒಂದೇ ಆಪರೇಷನ್ನಿಗೆ ಮೂರು ದಾರಿಗಳನ್ನು ಹೇಳುತ್ತಾರೆ. ಆರಿಸುವುದು ಸರ್ಜನ್, ನೀವಲ್ಲ. ಆದರೆ ಯಾಕೆ ಅದನ್ನು ಆರಿಸಿದರು ಎಂದು ತಿಳಿದರೆ ಒಪ್ಪಿಗೆಯ ಸಹಿ ಹಾಕುವಾಗ ಧೈರ್ಯವಿರುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ತೊಡೆಸಂದಿನ ಮಡಿಕೆಯಲ್ಲಿ ಸಣ್ಣ ಗೀರು. ಅಲ್ಲಿಂದ ಚೀಲದ ನೀರು ಬಸಿದು, ಮೇಲಿನ ಗುಂಡನ್ನು ಕೆಳಕ್ಕೆ ಎಳೆದು ಬಿಡಿಸಿ, ಚೀಲದ ಹೆಚ್ಚಿನ ಭಾಗವನ್ನು ಕತ್ತರಿಸುತ್ತಾರೆ. ತೆರೆದ ನಾಳ ಕಂಡರೆ ಕಟ್ಟುತ್ತಾರೆ. ಹರ್ನಿಯಾ, ಇಳಿಯದ ಬೀಜ ಎರಡನ್ನೂ ಇದೇ ಗೀರಿನಲ್ಲಿ ನೋಡಿಕೊಳ್ಳಬಹುದು. ಕಷ್ಟ ಇರುವುದು ಬಿಡಿಸುವುದರಲ್ಲಿ. ವೀರ್ಯನಾಳ ಮತ್ತು ಬೀಜಕ್ಕೆ ರಕ್ತ ಕೊಂಡೊಯ್ಯುವ ನಾಳಗಳು ಊದಿದ ಚೀಲದ ಗೋಡೆಯ ಮೇಲೆ ಹರಡಿ ಅಂಟಿಕೊಂಡಿರುತ್ತವೆ. ಹಸುಗೂಸಿನಲ್ಲಿ ಅವು ದಾರದ ಎಳೆಯಷ್ಟು. ಅವಕ್ಕೆ ಪೆಟ್ಟಾದರೆ ಬೀಜ ಕುಗ್ಗಿಹೋಗಬಹುದು. ಬಿಡಿಸಿದ ಜಾಗ ದೊಡ್ಡದಾದಷ್ಟೂ ಒಳಗೆ ರಕ್ತ ಸೇರಿ ಊದುವುದೂ ಹೆಚ್ಚು.

ಎರಡನೆಯದು ಬೀಜದ ಚೀಲದಲ್ಲೇ ಗೀರು. ಇದನ್ನು ಮಾಡುವವರ ತರ್ಕ ಹೀಗೆ: ಮೇಲಿನ ಗುಂಡು ಹುಟ್ಟಿದ್ದೇ ಕೆಳಗಿನ ಒತ್ತಡದಿಂದ. ಕೆಳಗಿನ ಚೀಲವನ್ನು ತೆರೆದು ಕತ್ತರಿಸಿ ಒತ್ತಡ ತೆಗೆದರೆ ಮೇಲಿನದನ್ನು ಎಳೆದು ಬಿಡಿಸಬೇಕಾಗಿಲ್ಲ, ಅದು ತಾನಾಗಿ ಕುಸಿಯುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಸೂಕ್ಷ್ಮ ನಾಳಗಳ ತಂಟೆಗೆ ಹೋಗುವುದು ಕಡಿಮೆ. ಆದರೆ ಹೊಟ್ಟೆಯ ಕಡೆಗೆ ದಾರಿ ತೆರೆದಿದ್ದರೆ ಕೆಳಗಿನಿಂದ ಅದನ್ನು ಸರಿಯಾಗಿ ಕಟ್ಟಲು ಆಗುವುದಿಲ್ಲ. ಹಾಗಾಗಿ ದಾರಿ ಮುಚ್ಚಿದೆ ಎಂಬ ಖಾತ್ರಿ ಬೇಕು.

ಲ್ಯಾಪರೋಸ್ಕೋಪಿಯಲ್ಲಿ ಹೊಕ್ಕುಳ ಬಳಿಯಿಂದ ಕ್ಯಾಮೆರಾ ಇಳಿಸಿ ಒಳಗಿನಿಂದ ನೋಡುತ್ತಾರೆ. ದಾರಿ ತೆರೆದಿದೆಯೇ, ಇನ್ನೊಂದು ಬದಿ ಹೇಗಿದೆ ಎಂಬುದು ಇದರಲ್ಲಿ ಕಣ್ಣಿಗೆ ಕಾಣುತ್ತದೆ, ಅದು ದೊಡ್ಡ ಲಾಭ. ಗುಂಡು ಒಳಪೊರೆಯ ಹೊರಗಿರುವುದರಿಂದ ಉಬ್ಬಾಗಿ ಕಾಣುವುದೇ ಹೊರತು ನೇರ ಕೈಗೆ ಸಿಗುವುದಿಲ್ಲ, ಅನೇಕ ಸಲ ಹೊರಗಿನಿಂದಲೂ ಒಂದು ಗೀರು ಬೇಕಾಗುತ್ತದೆ. "ಲ್ಯಾಪರೋಸ್ಕೋಪಿ ಇದೆ" ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಆರಿಸಬೇಡಿ. ಗೀರು ಎಷ್ಟು ಸಣ್ಣದು ಎಂಬುದು ಮಗುವಿಗೆ ಬೇಕಾದ್ದರಲ್ಲಿ ಕೊನೆಯ ಸಂಗತಿ.

ಸರ್ಜನ್ ಹತ್ತಿರ ನಾನು ಕೇಳಿಸುವ ಪ್ರಶ್ನೆ ಒಂದಿದೆ. "ವೀರ್ಯನಾಳ ಚೀಲಕ್ಕೆ ಅಂಟಿಕೊಂಡಿದ್ದರೆ ಏನು ಮಾಡುತ್ತೀರಿ ಡಾಕ್ಟ್ರೇ?" ಚೀಲದ ಆ ಪಟ್ಟಿಯನ್ನು ಹಾಗೇ ಬಿಟ್ಟು ಉಳಿದದ್ದನ್ನು ತೆಗೆಯುತ್ತೇವೆ ಎಂಬ ಉತ್ತರ ಬಂದರೆ ಮನಸ್ಸಿಗೆ ನೆಮ್ಮದಿ. ಪೂರ್ತಿ ಚೀಲ ತೆಗೆದೇ ತೀರಬೇಕು ಎಂಬ ಹಟ ಈ ಆಪರೇಷನ್ನಿನಲ್ಲಿ ಬೇಕಾಗಿಲ್ಲ.

ಅರಿವಳಿಕೆಯ ಭಯ

ತಾಯಂದಿರಿಗೆ ಕತ್ತರಿಗಿಂತ ಹೆಚ್ಚು ಭಯ ಇದರದು: "ಮಗುವಿನ ಮಿದುಳಿಗೆ ಏನಾದರೂ ಆದರೆ?" ಹರ್ನಿಯಾ ಆಪರೇಷನ್ ಆದ ಹಸುಗೂಸುಗಳನ್ನೇ ತೆಗೆದುಕೊಂಡು ಹಲವು ದೇಶಗಳಲ್ಲಿ ನಡೆದ ಗ್ಯಾಸ್ (GAS) ಎಂಬ ಹೆಸರಿನ ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ಕೆಲವು ಮಕ್ಕಳಿಗೆ ಪೂರ್ತಿ ಅರಿವಳಿಕೆ, ಕೆಲವರಿಗೆ ಎಚ್ಚರದಲ್ಲೇ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದು. ಐದು ವರ್ಷ ವಯಸ್ಸಾದಾಗ ಬುದ್ಧಿಮತ್ತೆ ಅಳೆದರೆ ಎರಡು ಗುಂಪುಗಳೂ ಸಮವಾಗಿದ್ದವು. 2019ರಲ್ಲಿ ಇದು ಪ್ರಕಟವಾಯಿತು. ಒಂದು ಗಂಟೆಯ ಆಸುಪಾಸಿನ ಒಂದು ಅರಿವಳಿಕೆಯ ಬಗ್ಗೆ ಇದು ಧೈರ್ಯ ಕೊಡುತ್ತದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಲೆಕ್ಕ ಬೇರೆ. ಅರಿವಳಿಕೆಯ ಬಳಿಕ ಉಸಿರು ನಡುನಡುವೆ ನಿಲ್ಲುವ ಅಪಾಯ ಇರುವುದರಿಂದ ರಾತ್ರಿಯಿಡೀ ಮಾನಿಟರ್ ಹಾಕಿ ನೋಡಬೇಕು. ಹಸುಗೂಸುಗಳ ಐ.ಸಿ.ಯು. ಇಲ್ಲದ ಕಡೆ ಇಂಥ ಮಗುವಿಗೆ ಮಾಡಿಸುವುದು ಬೇಡವೇ ಬೇಡ. ಎಷ್ಟು ವಾರಕ್ಕೆ ಹೆರಿಗೆಯಾಯಿತು ಎಂಬುದನ್ನು ಕೇಳದಿದ್ದರೂ ಹೇಳಿ. ಆಪರೇಷನ್ನಿಗೆ ಮುಂಚೆ ಎದೆಹಾಲು ನಾಲ್ಕು ಗಂಟೆ, ಪುಡಿಹಾಲು ಆರು ಗಂಟೆ ನಿಲ್ಲಿಸುವುದು ಸಾಮಾನ್ಯ ಕ್ರಮ, ನಿಮ್ಮ ಅರಿವಳಿಕೆ ವೈದ್ಯರು ಹೇಳಿದ್ದೇ ಕೊನೆ. ಮಗು ಅತ್ತಿತೆಂದು ಅಜ್ಜಿ ಕದ್ದು ಒಂದು ಚಮಚ ಹಾಲು ಕೊಟ್ಟರೆ ಆಪರೇಷನ್ ಮುಂದೆ ಹೋಗುತ್ತದೆ. ಮುಚ್ಚಿಟ್ಟರೆ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯ. ಶೀತ, ಜ್ವರ ಇದ್ದರೆ ದಿನ ಮುಂದೂಡುವುದೇ ಕ್ಷೇಮ.

ಕಾಸರಗೋಡು, ಮಂಗಳೂರು, ಪರಿಯಾರಂ

ಮಕ್ಕಳ ಡಾಕ್ಟರ್ ಬೇರೆ, ಮಕ್ಕಳ ಸರ್ಜನ್ ಬೇರೆ. ದೊಡ್ಡವರ ಹರ್ನಿಯಾ, ಹೈಡ್ರೋಸಿಲ್ ದಿನವೂ ಮಾಡುವ ಜನರಲ್ ಸರ್ಜನ್ ಮತ್ತೂ ಬೇರೆ. ಈ ಮಗುವಿಗೆ ಬೇಕಾದವರು ಪೀಡಿಯಾಟ್ರಿಕ್ ಸರ್ಜರಿಯಲ್ಲಿ, ಅಂದರೆ ಮಕ್ಕಳ ಸರ್ಜರಿಯಲ್ಲಿ, ಎಂ.ಸಿಎಚ್. ಎಂಬ ಉನ್ನತ ಪದವಿ ಮಾಡಿದವರು, ಜತೆಗೆ ಹಸುಗೂಸುಗಳಿಗೆ ಅರಿವಳಿಕೆ ಕೊಟ್ಟು ಪಳಗಿದವರು. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಯಾವುದೇ ಇರಲಿ, ಹೊರಡುವ ಮೊದಲು ಫೋನ್ ಮಾಡಿ ಈ ಒಂದು ಪ್ರಶ್ನೆ ಕೇಳಿ: ಮಕ್ಕಳ ಸರ್ಜನ್ ಯಾವ ದಿನ ಇರುತ್ತಾರೆ? ಇಲ್ಲ ಎಂದರೂ ಅಲ್ಲಿಗೆ ಹೋಗುವುದು ವ್ಯರ್ಥವಲ್ಲ. ಮೊದಲ ತಪಾಸಣೆ, ಅಲ್ಟ್ರಾಸೌಂಡ್, ರಕ್ತ ಪರೀಕ್ಷೆ, ಕಾಯುವ ತಿಂಗಳುಗಳ ಸ್ಕ್ಯಾನ್‌ಗಳು ಇಷ್ಟನ್ನೂ ಮನೆ ಹತ್ತಿರವೇ ಮಾಡಿಸಿಕೊಂಡು ಆಪರೇಷನ್ನಿಗೆ ಮಾತ್ರ ದೂರ ಹೋಗಬಹುದು. ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ಹಸುಗೂಸನ್ನು ಎತ್ತಿಕೊಂಡು ಪ್ರತಿ ಸ್ಕ್ಯಾನಿಗೂ ಬಸ್ಸಿನಲ್ಲಿ ಗಡಿ ದಾಟುವ ಕಷ್ಟ ತಪ್ಪುತ್ತದೆ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಮಂಜೇಶ್ವರ, ಉಪ್ಪಳದವರಿಗೆ ಇನ್ನೂ ಹತ್ತಿರ, ಅದರಲ್ಲೂ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು. ಸರಕಾರಿ ಆಸ್ಪತ್ರೆಯೇ ಬೇಕೆಂದರೆ ವೆನ್‌ಲಾಕ್ ಇದೆ. ಡಾಕ್ಟರ್ ಹೇಳಿದ್ದು ಕನ್ನಡದಲ್ಲೋ ತುಳುವಿನಲ್ಲೋ ಅರ್ಥವಾಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಹಾಲು ನಿಲ್ಲಿಸುವ ಗಂಟೆಯಿಂದ ಹಿಡಿದು ಅಪಾಯದ ಚಿಹ್ನೆಗಳವರೆಗೆ ತಾಯಿ ತಪ್ಪಿಲ್ಲದೆ ತಿಳಿದುಕೊಳ್ಳಬೇಕು. ನೀಲೇಶ್ವರ, ಚೆರುವತ್ತೂರಿನ ಕಡೆಯವರಿಗೆ ದಕ್ಷಿಣಕ್ಕೆ ಪರಿಯಾರಂನ ಕಣ್ಣೂರು ಸರಕಾರಿ ಮೆಡಿಕಲ್ ಕಾಲೇಜು ಅನುಕೂಲ, ರಾಜ್ಯ ದಾಟಬೇಕಾಗಿಲ್ಲ. ಮಲಯಾಳ ಓದಲು ಬಾರದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳಲು ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಗಡಿಯ ವಿಚಾರದಲ್ಲಿ 2020ರ ಮಾರ್ಚ್ ತಿಂಗಳನ್ನು ನಾವು ಯಾರೂ ಮರೆತಿಲ್ಲ. ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಡಾಕ್ಟರುಗಳನ್ನೇ ನಂಬಿದ್ದ ರೋಗಿಗಳು ಈಚೆ ಸಿಕ್ಕಿಬಿದ್ದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದಕ್ಕಾಗಿ ಮಂಗಳೂರು ಬಿಡಬೇಕೆಂದಲ್ಲ. ಈಚೆಯೂ ಮಗುವಿನ ಕತೆ ಪೂರ್ತಿ ಗೊತ್ತಿರುವ ಒಬ್ಬ ಡಾಕ್ಟರ್ ಇರಲಿ ಎಂದು.

ಖರ್ಚಿಗೆ: ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಆಯುಷ್ಮಾನ್ ಭಾರತದೊಂದಿಗೆ ಸೇರಿಕೊಂಡದ್ದು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಯುಷ್ಮಾನ್ ಯೋಜನೆಯಲ್ಲಿ ಬೇರೆ ರಾಜ್ಯದ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೂ ಕಾರ್ಡ್ ಬಳಸಲು ಅವಕಾಶವಿದೆ. ಆದರೂ ಈ ಆಸ್ಪತ್ರೆ, ಈ ಆಪರೇಷನ್, ಈ ಕಾರ್ಡ್ ಮೂರೂ ಹೊಂದುತ್ತವೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ಕೇಳಿ. ಮಗುವಿನ ಹೆಸರು ಸೇರಿಸಬೇಕೇ ಎಂದೂ ಕೇಳಿ.

ಮನೆಗೆ ಬಂದ ಮೇಲೆ

ಆಪರೇಷನ್ ಆದ ಬಳಿಕವೂ ಬೀಜದ ಚೀಲ ಊದಿಯೇ ಇರುತ್ತದೆ. "ನೀರು ಮತ್ತೆ ತುಂಬಿತು" ಎಂದು ಮನೆಯವರೆಲ್ಲ ಕಂಗೆಡುವುದು ಇದೇ ಹೊತ್ತಿಗೆ. ಬಿಡಿಸಿದ ಜಾಗದಲ್ಲಿ ನೀರೂ ಸ್ವಲ್ಪ ರಕ್ತವೂ ಸೇರುವುದು ಈ ಬಗೆಯಲ್ಲಿ ಸಾಮಾನ್ಯ, ವಾರಗಟ್ಟಲೆ ಹಿಡಿದು ಇಳಿಯುತ್ತದೆ. ಊತ ದಿನದಿಂದ ದಿನಕ್ಕೆ ಹೆಚ್ಚಿದರೆ, ಗಾಯ ಕೆಂಪಾಗಿ ಒಸರಿದರೆ, ಜ್ವರ ಬಂದರೆ, ಮಗು ಮೂತ್ರ ಮಾಡದಿದ್ದರೆ ಕಾಯದೆ ತೋರಿಸಿ. ನೋವಿನ ಮದ್ದನ್ನು ಮಗುವಿನ ತೂಕಕ್ಕೆ ಬರೆದುಕೊಟ್ಟ ಪ್ರಮಾಣದಲ್ಲೇ ಕೊಡಿ. ಅಣ್ಣನಿಗೋ ಅಕ್ಕನಿಗೋ ತಂದ ಬಾಟ್ಲಿಯಿಂದ ಅಂದಾಜಿಗೆ ಅಳೆಯಬೇಡಿ. ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿ ಎತ್ತಿಕೊಳ್ಳುವುದನ್ನು ಸರ್ಜನ್ ಆಗಬಹುದು ಎನ್ನುವವರೆಗೆ ಬಿಡಿ. ಗಾಯದ ಮೇಲೆ ಎಣ್ಣೆ, ಅರಸಿನ ಬೇಡ. ಮೀಯಿಸುವುದು ಯಾವಾಗಿನಿಂದ ಎಂದು ಡಿಸ್ಚಾರ್ಜಿನ ದಿನವೇ ಕೇಳಿಕೊಳ್ಳಿ, ಮೀಯಿಸುವವರಿಗೂ ಹೇಳಿ.

ಮೊದಲ ತಪಾಸಣೆ ಗಾಯಕ್ಕಾಗಿ. ಕೆಲವು ತಿಂಗಳ ಬಳಿಕದ್ದು ಬೀಜಕ್ಕಾಗಿ, ಅದನ್ನೇ ಜನ ತಪ್ಪಿಸುವುದು. ಗಾಯ ಒಣಗಿತು, ಮಗು ಆಡುತ್ತಿದೆ, ಇನ್ನೇಕೆ ಸ್ಕ್ಯಾನ್ ಎಂದು. ಬೀಜ ಬೆಳೆಯುತ್ತಿದೆಯೇ, ಆಕಾರ ಮರಳಿತೇ, ಊದಿದ್ದ ಕಿಡ್ನಿ ಸರಿಯಾಯಿತೇ, ಇನ್ನೊಂದು ಬದಿ ಹೇಗಿದೆ ಎಂಬುದು ಆ ಸ್ಕ್ಯಾನ್‌ನಲ್ಲೇ ಗೊತ್ತಾಗಬೇಕು. ಅದನ್ನು ಕಾಸರಗೋಡಿನಲ್ಲೇ ಮಾಡಿಸಬಹುದು, ಹಳೆಯ ಅಳತೆಗಳು ಜತೆಗಿದ್ದರೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯ ಜತೆಗೆ ಆಪರೇಷನ್ ನೋಟಿನ ಪ್ರತಿಯನ್ನೂ ಕೇಳಿ ಪಡೆಯಿರಿ: ಯಾವ ದಾರಿಯಲ್ಲಿ ಮಾಡಿದರು, ನಾಳ ತೆರೆದಿತ್ತೇ, ಕಟ್ಟಿದರೇ, ಚೀಲದ ಯಾವ ಭಾಗ ಬಿಟ್ಟರು, ಬೀಜ ಹೇಗಿತ್ತು. ಅದನ್ನೂ ಎಲ್ಲ ಸ್ಕ್ಯಾನ್ ವರದಿಗಳನ್ನೂ ಮಗುವಿನ ಚುಚ್ಚುಮದ್ದಿನ ಕಾರ್ಡಿನ ಜತೆ ಒಂದೇ ಫೈಲಿನಲ್ಲಿಟ್ಟು, ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.